ಪಾಠ ಪುಕ್ಕಟೆ, ಕೇಳುವ ಕಿವಿ ತುಟ್ಟಿ

ಜಪಾನಿ ಭಾಷೆ ಕಲಿಯಲು ಈಗ ಟೋಕಿಯೊಗೆ ಹೋಗಬೇಕಿಲ್ಲ, ಪಕ್ಕದ ಪೇಟೆಗೂ ಹೋಗಬೇಕಿಲ್ಲ. ಪಠ್ಯ, ಧ್ವನಿ, ನಿಘಂಟು, ಅಭ್ಯಾಸ ಎಲ್ಲವೂ ಮೊಬೈಲಿನೊಳಗಿವೆ, ಅದೂ ಬಹುಪಾಲು ಬಿಟ್ಟಿಯಾಗಿ. ಸುಲಭಕ್ಕೆ ಸಿಗದಿರುವುದು ಒಂದೇ: ತಡವರಿಸುತ್ತ ಆಡಿದ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡು ತಿದ್ದುವ ಮನುಷ್ಯ.

ಡಿಸೆಂಬರಿನ ಮೊದಲ ಭಾನುವಾರ ಬೆಂಗಳೂರಿನ ಪರೀಕ್ಷಾ ಕೊಠಡಿಗಳ ಬಾಗಿಲು ಮುಚ್ಚುತ್ತದೆ. ಫ್ಯಾನಿನ ಸದ್ದೂ ಅಡ್ಡಿಯೆನಿಸುವ ಮೌನದಲ್ಲಿ ಜಪಾನಿ ಸಂಭಾಷಣೆಯೊಂದು ಒಂದು ಬಾರಿ, ಒಂದೇ ಬಾರಿ ಕೇಳಿಬರುತ್ತದೆ. ಸಾಫ್ಟ್‌ವೇರ್ ಎಂಜಿನಿಯರುಗಳು, ನರ್ಸಿಂಗ್ ಓದಿದವರು, ಅನಿಮೆ ನೋಡುತ್ತ ನೋಡುತ್ತ ಭಾಷೆಯ ಗೀಳು ಹತ್ತಿಸಿಕೊಂಡ ಕಾಲೇಜು ಹುಡುಗ ಹುಡುಗಿಯರು ಪೆನ್ಸಿಲ್ ಹಿಡಿದು ಉತ್ತರಪತ್ರಿಕೆಯ ವೃತ್ತಗಳನ್ನು ತುಂಬುತ್ತಾರೆ.

ಇದು ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ. ಕಲಿಯುವವರ ಬಾಯಲ್ಲಿ ಜೆಎಲ್‌ಪಿಟಿ. ಎನ್-5 ಎಂಬ ಆರಂಭದ ಮೆಟ್ಟಿಲಿನಿಂದ ಎನ್-1 ಎಂಬ ತುದಿಯವರೆಗೆ ಐದು ಹಂತಗಳಿರುವ ಈ ಪರೀಕ್ಷೆಯ ವೈಚಿತ್ರ್ಯವೆಂದರೆ, ಅದರ ಯಾವ ಹಂತದಲ್ಲಿಯೂ ಅಭ್ಯರ್ಥಿ ಒಂದು ಜಪಾನಿ ಅಕ್ಷರವನ್ನು ಕೈಯಿಂದ ಬರೆಯಬೇಕಿಲ್ಲ, ಒಂದು ಮಾತನ್ನೂ ಬಾಯಿಬಿಟ್ಟು ಆಡಬೇಕಿಲ್ಲ. ಓದಿ, ಕೇಳಿ, ಸರಿಯಾದ ವೃತ್ತವನ್ನು ಗುರುತಿಸಿದರೆ ಸಾಕು.

1984ರಲ್ಲಿ ಈ ಪರೀಕ್ಷೆ ಆರಂಭವಾದಾಗ ಅದಕ್ಕೆ ಕುಳಿತವರು ಸುಮಾರು 7,000 ಮಂದಿ. ಈಗ ವರ್ಷಕ್ಕೆ ಅರ್ಜಿ ಹಾಕುವವರ ಸಂಖ್ಯೆ ಹತ್ತು ಲಕ್ಷವನ್ನು ದಾಟುತ್ತದೆ. ಅವರಲ್ಲಿ ಅನೇಕರು ತಮ್ಮ ಕಲಿಕೆಯ ಬಹುಭಾಗವನ್ನು ತರಗತಿಯ ಹಲಗೆಯ ಮುಂದೆ ಕಳೆಯದೆ ಅಂಗೈಯಗಲದ ತೆರೆಯ ಮುಂದೆ ಕಳೆದವರು. ಪರೀಕ್ಷೆ ಮಾತ್ರ ಈಗಲೂ ಕಾಗದ ಪೆನ್ಸಿಲಿನದೇ.

ಲೆಕ್ಕಕ್ಕೆ ಸಿಗದ ತರಗತಿ

ವಿದೇಶಗಳಲ್ಲಿ ಜಪಾನಿ ಭಾಷೆ ಮತ್ತು ಸಂಸ್ಕೃತಿಯ ಪ್ರಸಾರಕ್ಕಾಗಿ 1972ರಲ್ಲಿ ಸ್ಥಾಪನೆಯಾದ ಜಪಾನ್ ಫೌಂಡೇಶನ್ ಕೆಲವು ವರ್ಷಗಳಿಗೊಮ್ಮೆ ಜಗತ್ತಿನಾದ್ಯಂತ ಸಮೀಕ್ಷೆ ನಡೆಸಿ, ಎಷ್ಟು ದೇಶಗಳಲ್ಲಿ ಎಷ್ಟು ಮಂದಿ ಜಪಾನಿ ಕಲಿಯುತ್ತಿದ್ದಾರೆ ಎಂಬುದನ್ನು ಎಣಿಸುತ್ತದೆ. 2018ರಲ್ಲಿ ಈ ಸಂಖ್ಯೆ 38,51,774 ಇತ್ತು. ಕೋವಿಡ್ ಶಾಲೆಗಳ ಬಾಗಿಲು ಹಾಕಿಸಿದ್ದ 2021ರಲ್ಲಿ ಅದು 37,94,714 ಆಗಿತ್ತು.

ಹೆಚ್ಚಿನ ದೇಶಗಳು ಒಂದಲ್ಲ ಒಂದು ಹೊತ್ತಿನಲ್ಲಿ ಬೀಗ ಜಡಿದುಕೊಂಡಿದ್ದ ಅವಧಿಯಲ್ಲಿ ಕಲಿಯುವವರ ಸಂಖ್ಯೆ ನೂರಕ್ಕೆ ಎರಡರಷ್ಟೂ ಇಳಿಯಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ತರಗತಿಗಳು ತೆರೆಗೆ ಜಿಗಿದು ಉಳಿದುಕೊಂಡದ್ದು ಇದರ ಹಿಂದಿನ ಮುಖ್ಯ ಕಾರಣಗಳಲ್ಲಿ ಒಂದು.

ಆದರೆ ಈ ಎಣಿಕೆಯಲ್ಲಿ ಸೇರುವವರು ಶಾಲೆ, ಕಾಲೇಜು, ಭಾಷಾ ಕೇಂದ್ರಗಳಂಥ ಸಂಸ್ಥೆಗಳಲ್ಲಿ ಹೆಸರು ಬರೆಸಿದವರು ಮಾತ್ರ. ಆ್ಯಪ್, ವಿಡಿಯೊ, ರೇಡಿಯೊ, ಪುಸ್ತಕಗಳ ನೆರವಿನಿಂದ ತಮ್ಮಷ್ಟಕ್ಕೆ ತಾವು ಕಲಿಯುವವರನ್ನು ಸಮೀಕ್ಷೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೀಗಾಗಿ ಜಪಾನಿ ಭಾಷೆಯ ಅತ್ಯಂತ ವಿಶಾಲವಾದ ತರಗತಿ ಯಾವುದೋ, ಅದಕ್ಕೇ ಹಾಜರಿ ಪುಸ್ತಕವಿಲ್ಲ.

> 2021ರ ಸಮೀಕ್ಷೆಯ ಪ್ರಕಾರ
>
> ಜಪಾನಿ ಬೋಧನೆ ನಡೆಯುತ್ತಿದ್ದ ಹೊರದೇಶ ಮತ್ತು ಪ್ರಾಂತ್ಯಗಳು 141, ಸಂಸ್ಥೆಗಳು 18,272, ಶಿಕ್ಷಕರು 74,592. ಒಬ್ಬ ಶಿಕ್ಷಕರಿಗೆ ಸರಾಸರಿ 51 ಕಲಿಕಾರ್ಥಿಗಳು. ಅತಿ ಹೆಚ್ಚು ಕಲಿಕಾರ್ಥಿಗಳಿದ್ದದ್ದು ಚೀನಾದಲ್ಲಿ, ಹತ್ತು ಲಕ್ಷಕ್ಕೂ ಮಿಗಿಲು. ಎರಡನೆಯ ಸ್ಥಾನ ಏಳು ಲಕ್ಷ ದಾಟಿದ್ದ ಇಂಡೊನೇಷ್ಯಾದ್ದು. ಭಾರತದಲ್ಲಿ ಸುಮಾರು 36,000.

ಟೇಪಿನಿಂದ ತೆರೆಗೆ

ದೂರದಿಂದ ಜಪಾನಿ ಕಲಿಸುವ ಪ್ರಯತ್ನ ಅಂತರಜಾಲದೊಂದಿಗೆ ಹುಟ್ಟಿದ್ದಲ್ಲ. 1980ರ ದಶಕದಲ್ಲಿ ಜಪಾನ್ ಫೌಂಡೇಶನ್ ತಯಾರಿಸಿದ ಪಾಠ ಸರಣಿಯೊಂದರಲ್ಲಿ ಯಾನ್-ಸಾನ್ ಎಂಬ ವಿದೇಶಿಯೊಬ್ಬ ಜಪಾನಿಗೆ ಬಂದಿಳಿದು, ದಾರಿ ಕೇಳುತ್ತ, ಅಂಗಡಿಗೆ ಹೋಗುತ್ತ, ಒಂದೊಂದೇ ವಾಕ್ಯವನ್ನು ಕಲಿಯುತ್ತಿದ್ದ; ಆ ದೃಶ್ಯಗಳು ಟಿವಿಯಲ್ಲಿಯೂ ವಿಡಿಯೊ ಟೇಪುಗಳಲ್ಲಿಯೂ ದೇಶ ದೇಶ ಸುತ್ತಿದವು. ಅದೇ ಸಂಸ್ಥೆ ಮುಂದೆ ಎರಿನ್ ಎಂಬ ಹದಿಹರೆಯದ ವಿನಿಮಯ ವಿದ್ಯಾರ್ಥಿನಿಯನ್ನು ಮುಖ್ಯ ಪಾತ್ರವಾಗಿಸಿ ಇನ್ನೊಂದು ಸರಣಿ ತಂದು, 2010ರಲ್ಲಿ ಅದನ್ನು ಜಾಲತಾಣವಾಗಿಸಿತು.

ಸರ್ಕಾರಿ ಬೆಂಬಲದ ಈ ಪ್ರಯತ್ನಗಳು ಜಾಲತಾಣವಾಗುವುದಕ್ಕಿಂತ ಮುಂಚೆಯೇ ಒಬ್ಬಂಟಿ ಉತ್ಸಾಹಿಗಳು ಕೆಲಸ ಶುರುಮಾಡಿದ್ದರು. ಆಸ್ಟ್ರೇಲಿಯಾದ ಜಿಮ್ ಬ್ರೀನ್ 1991ರಲ್ಲಿ ಆರಂಭಿಸಿದ, ಯಾರು ಬೇಕಾದರೂ ಬಳಸಬಹುದಾದ ಜಪಾನಿ-ಇಂಗ್ಲಿಷ್ ಕಂಪ್ಯೂಟರ್ ನಿಘಂಟಿನ ಕಡತವು ಇಂದಿಗೂ ಅನೇಕ ಆ್ಯಪ್‌ಗಳ ಬೆನ್ನೆಲುಬಾಗಿದೆ. ತಾನು ಬಳಸುವ ಉಚಿತ ನಿಘಂಟಿನ ಮೂಲ ಒಬ್ಬ ಪ್ರಾಧ್ಯಾಪಕನ ಹವ್ಯಾಸದಲ್ಲಿದೆ ಎಂಬುದು ಮೊಬೈಲಿನಲ್ಲಿ ಪದ ಹುಡುಕುವ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಇನ್ನೊಬ್ಬ ಆಸ್ಟ್ರೇಲಿಯನ್, ಡೇಮಿಯನ್ ಎಲ್ಮ್ಸ್, ಜಪಾನಿ ಪದಗಳನ್ನು ನೆನಪಿಟ್ಟುಕೊಳ್ಳಲು ತನಗಾಗಿ ಬರೆದುಕೊಂಡ ತಂತ್ರಾಂಶವನ್ನು 2006ರಲ್ಲಿ ಅಂಕಿ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ. ಮರೆಯುವ ಅಂಚಿಗೆ ಬಂದ ಪದವನ್ನು ಸರಿಯಾಗಿ ಆ ಹೊತ್ತಿಗೆ ಮತ್ತೆ ಕಣ್ಣಮುಂದೆ ತರುವುದು, ನೆನಪಿದ್ದರೆ ಮುಂದಿನ ಭೇಟಿಯ ಅಂತರವನ್ನು ಹೆಚ್ಚಿಸುವುದು, ಇಷ್ಟೇ ಅದರ ತಿರುಳು. ಇಂದು ವೈದ್ಯಕೀಯ ವಿದ್ಯಾರ್ಥಿಗಳೂ ಅದೇ ತಂತ್ರಾಂಶದಲ್ಲಿ ಮೂಳೆಗಳ ಹೆಸರು ಉರುಹೊಡೆಯುತ್ತಾರೆ.

ಸಾಂಸ್ಥಿಕ ಕಲಿಕೆ ನಿಜವಾಗಿ ಅಂತರಜಾಲಕ್ಕೆ ಬಂದದ್ದು 2016ರ ಜುಲೈನಲ್ಲಿ. ಒಸಾಕಾ ಪ್ರಾಂತ್ಯದಲ್ಲಿರುವ ಜಪಾನ್ ಫೌಂಡೇಶನ್ನಿನ ಕನ್ಸಾಯ್ ಭಾಷಾ ಕೇಂದ್ರವು ಮಿನಾತೊ ಎಂಬ ಕಲಿಕಾ ತಾಣವನ್ನು ತೆರೆದು, ಹೆಸರು ನೋಂದಾಯಿಸಿಕೊಂಡ ಯಾವ ದೇಶದವರಿಗಾದರೂ ಕೋರ್ಸುಗಳನ್ನು ಒದಗಿಸತೊಡಗಿತು. ಅಲ್ಲಿನ ಮುಖ್ಯ ಪಠ್ಯವಾದ ಮರುಗೊತೊದ ಬೆನ್ನಿಗೆ ನಿಂತಿರುವುದು ಯುರೋಪಿನಲ್ಲಿ ರೂಪುಗೊಂಡ ಭಾಷಾ ಮಾನದಂಡ. ಎ1ರಿಂದ ಸಿ2ವರೆಗೆ ಆರು ಹಂತಗಳಿರುವ ಈ ಪದ್ಧತಿ ಎಷ್ಟು ವ್ಯಾಕರಣ ಗೊತ್ತು ಎಂದು ಕೇಳುವುದಿಲ್ಲ, ಹೋಟೆಲಿನಲ್ಲಿ ಊಟ ಹೇಳಬಲ್ಲೆಯಾ, ವೈದ್ಯರ ಮುಂದೆ ನೋವನ್ನು ವಿವರಿಸಬಲ್ಲೆಯಾ ಎಂದು ಕೇಳುತ್ತದೆ.

ಮಿನಾತೊದಲ್ಲಿ ಎರಡು ಬಗೆಯ ಕೋರ್ಸುಗಳಿವೆ, ಈ ಲೇಖನದ ಇಡೀ ವಾದವೂ ಆ ಎರಡರ ನಡುವಿನ ವ್ಯತ್ಯಾಸದಲ್ಲಿಯೇ ಅಡಗಿದೆ. ಮೊದಲನೆಯದು ಸ್ವಯಂ ಅಧ್ಯಯನದ್ದು: ಹಣವಿಲ್ಲ, ಸೀಟಿನ ಮಿತಿಯಿಲ್ಲ, ಬೆಳಗಿನ ಮೂರಕ್ಕೂ ಕಲಿಯಬಹುದು. ಎರಡನೆಯದರಲ್ಲಿ ಬೋಧಕರು ಬರೆದದ್ದನ್ನು ತಿದ್ದುತ್ತಾರೆ, ನೇರ ವಿಡಿಯೊ ತರಗತಿಯಲ್ಲಿ ಮಾತನಾಡಿಸುತ್ತಾರೆ. ಹಾಗಾಗಿ ಅಲ್ಲಿ ಸೀಟುಗಳು ಬೆರಳೆಣಿಕೆಯವು.

ಪಾಠದ ಪ್ರತಿಯೊಂದನ್ನು ಹತ್ತು ಜನಕ್ಕೆ ಕೊಡುವುದಕ್ಕೂ ಹತ್ತು ಲಕ್ಷ ಜನಕ್ಕೆ ಕೊಡುವುದಕ್ಕೂ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಬ್ಬ ಕಲಿಕಾರ್ಥಿಯ ಮಾತನ್ನು ಹತ್ತು ನಿಮಿಷ ಕೇಳಲು ಮಾತ್ರ ಒಬ್ಬ ಶಿಕ್ಷಕರ ಹತ್ತು ನಿಮಿಷ ಬೇಕೇ ಬೇಕು, ತಂತ್ರಜ್ಞಾನ ಎಷ್ಟೇ ಮುಂದುವರಿದರೂ ಆ ಲೆಕ್ಕ ಬದಲಾಗುವುದಿಲ್ಲ.

> ಕಾಸಿಲ್ಲದೆ ಸಿಗುವುದು
>
> ಇರೊದೊರಿ: ಜಪಾನಿನಲ್ಲಿ ಬದುಕು ನಡೆಸಲು ಬೇಕಾದ ಭಾಷೆಯನ್ನು ಮೂರು ಭಾಗಗಳಲ್ಲಿ ಕಲಿಸುವ ಪಠ್ಯ. 2020ರಲ್ಲಿ ಬಂದ ಇದರ ಪುಸ್ತಕವನ್ನೂ ಧ್ವನಿಯನ್ನೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.
>
> ಸುಲಭ ಸುದ್ದಿ: ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 2012ರಲ್ಲಿ ಆರಂಭಿಸಿದ, ಸರಳ ವಾಕ್ಯಗಳಲ್ಲಿ ಸುದ್ದಿ ಬರೆದು ಚೀನೀ ಮೂಲದ ಅಕ್ಷರಗಳ ನೆತ್ತಿಯ ಮೇಲೆ ಉಚ್ಚಾರಣೆಯನ್ನೂ ಕೊಡುವ ಸೇವೆ. 1995ರ ಕೋಬೆ ಭೂಕಂಪದಲ್ಲಿ ಅಲ್ಲಿದ್ದ ವಿದೇಶಿಯರಿಗೆ ಎಚ್ಚರಿಕೆಗಳೇ ಅರ್ಥವಾಗದೆ ಹೋದಾಗ ಹುಟ್ಟಿದ ಸುಲಭ ಜಪಾನಿಯ ಚಳವಳಿ ಇಂಥ ಬರವಣಿಗೆಗೆ ದಾರಿ ಮಾಡಿತು.
>
> ಒಜಾಡ್: ಯಾವ ಪದದಲ್ಲಿ ಧ್ವನಿ ಎಲ್ಲಿ ಏರಿ ಎಲ್ಲಿ ಇಳಿಯುತ್ತದೆ ಎಂಬುದನ್ನು ಗೆರೆ ಎಳೆದು ತೋರಿಸುವ, ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಆನ್‌ಲೈನ್ ನಿಘಂಟು.

ನಸುಕಿನ ಐದೂವರೆಯ ಕ್ಲಾಸು

ಆನ್‌ಲೈನ್ ಬೋಧನೆಗೆ ನಿಜವಾದ ಅಗ್ನಿಪರೀಕ್ಷೆ ಎದುರಾದದ್ದು 2020ರ ವಸಂತದಲ್ಲಿ, ಜಪಾನ್ ತನ್ನ ಗಡಿಯನ್ನು ಮುಚ್ಚಿದಾಗ. ನಡುವೆ ಒಂದೆರಡು ಬಾರಿ ಬಾಗಿಲು ಸ್ವಲ್ಪ ತೆರೆದು ಮತ್ತೆ ಮುಚ್ಚಿತು. ಒಮಿಕ್ರಾನ್ ಭೀತಿಯಿಂದ 2021ರ ನವೆಂಬರ್ ಕೊನೆಯಲ್ಲಿ ಬಿಗಿಯಾದ ಅಗುಳಿ 2022ರ ಮಾರ್ಚ್‌ನಲ್ಲಿ ಸಡಿಲವಾಗುವ ಹೊತ್ತಿಗೆ, ಜಪಾನಿನ ವಿಶ್ವವಿದ್ಯಾಲಯ ಮತ್ತು ಭಾಷಾ ಶಾಲೆಗಳಲ್ಲಿ ಪ್ರವೇಶ ಸಿಕ್ಕಿಯೂ ಒಳಗೆ ಬರಲಾಗದೆ ಕಾಯುತ್ತಿದ್ದ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಸುಮಾರು ಒಂದೂವರೆ ಲಕ್ಷಕ್ಕೆ ಮುಟ್ಟಿತ್ತು.

ಕಾಯುತ್ತಿದ್ದವರಿಗೆ ಶಾಲೆಗಳು ಆನ್‌ಲೈನ್ ತರಗತಿಗಳನ್ನು ನಡೆಸಿದವು, ವೇಳಾಪಟ್ಟಿ ಮಾತ್ರ ಜಪಾನಿನದು. ಅಲ್ಲಿ ಬೆಳಗ್ಗೆ ಒಂಬತ್ತರ ಗಂಟೆ ಬಾರಿಸಿದಾಗ ಭಾರತದಲ್ಲಿ ನಸುಕಿನ ಐದೂವರೆ, ಚಳಿಗಾಲದ ಲಂಡನ್ನಿನಲ್ಲಿ ನಡುರಾತ್ರಿ, ಬ್ರೆಜಿಲ್‌ನ ಸಾವೊಪಾಲೊದಲ್ಲಿ ಹಿಂದಿನ ದಿನದ ರಾತ್ರಿ ಒಂಬತ್ತು. ಭಾರತದವರಿಗೆ ಹಾಲು ಕಾಯಿಸುವ ಹೊತ್ತಿನಲ್ಲಿ ತರಗತಿ. ಯುರೋಪಿನವರಿಗೆ ನಿದ್ದೆಯನ್ನೇ ಬಿಟ್ಟು ಕಲಿಯುವ ವಿದ್ಯೆ. ಭೂಗೋಳವನ್ನು ಅಳಿಸುತ್ತದೆ ಎಂದು ಹೊಗಳಿಸಿಕೊಂಡ ತಂತ್ರಜ್ಞಾನಕ್ಕೆ ರೇಖಾಂಶಗಳನ್ನು ಅಳಿಸಲು ಆಗಲಿಲ್ಲ.

2020ರ ಜುಲೈನ ಸಾಮರ್ಥ್ಯ ಪರೀಕ್ಷೆ ಜಗತ್ತಿನಾದ್ಯಂತ ರದ್ದಾಯಿತು. ಪಾಠ ತೆರೆಗೆ ಬಂದಷ್ಟು ಸುಲಭವಾಗಿ ಕಾಗದದ ಪರೀಕ್ಷೆ ತೆರೆಗೆ ಬರಲಾರದೆ ಹೋಯಿತು.

ಆ ಎರಡು ವರ್ಷಗಳಲ್ಲಿ ಶಿಕ್ಷಕರು ಕಲಿತ ಪಾಠಗಳೂ ಕಡಿಮೆಯಲ್ಲ. ನಾಲ್ಕು ಗಂಟೆಗಳ ತರಗತಿಯನ್ನು ಹಾಗೆಯೇ ಎತ್ತಿ ತೆರೆಯ ಮೇಲೆ ಇಟ್ಟರೆ ಕಲಿಯುವವರ ಕಣ್ಣೂ ಗಮನವೂ ಸೋಲುತ್ತವೆ ಎಂದು ಅರಿತವರು, ವ್ಯಾಕರಣದ ವಿವರಣೆಯನ್ನು ಮುಂಚಿತವಾಗಿ ವಿಡಿಯೊದಲ್ಲಿ ಕಳುಹಿಸಿ, ನೇರ ತರಗತಿಯ ಸಮಯವನ್ನು ಮಾತಿಗಷ್ಟೇ ಮೀಸಲಿಡತೊಡಗಿದರು. ಶಿಕ್ಷಣಶಾಸ್ತ್ರದಲ್ಲಿ ತಿರುವುಮುರುವು ತರಗತಿ ಎಂದು ಮೊದಲೇ ಚರ್ಚೆಯಲ್ಲಿದ್ದ ಈ ಕ್ರಮವನ್ನು ಅನೇಕರು ಪುಸ್ತಕ ಓದಿ ಒಪ್ಪಿದ್ದಲ್ಲ, ಬೇರೆ ದಾರಿಯಿಲ್ಲದೆ ಹಿಡಿದದ್ದು.

ತೆರೆ ಗೆದ್ದ ಕಡೆ

ತೆರೆ ಸೋತಿತೆಂದು ಹೇಳಿಬಿಡುವುದು ಅನ್ಯಾಯ. ಜಪಾನಿ ಬರವಣಿಗೆಯಲ್ಲಿ ಹಿರಗಾನ ಮತ್ತು ಕತಕಾನ ಎಂಬ ಎರಡು ಧ್ವನಿಲಿಪಿಗಳಿದ್ದು, ತಲಾ 46 ಮೂಲ ಅಕ್ಷರಗಳಿವೆ; ಇವುಗಳ ಮೇಲೆ ಚೀನಾದಿಂದ ಬಂದ ಕಾಂಜಿ ಎಂಬ ಚಿತ್ರಸ್ವರೂಪದ ಅಕ್ಷರಗಳು. ನಿತ್ಯಬಳಕೆಗೆಂದು ಸರ್ಕಾರ ಗೊತ್ತುಪಡಿಸಿದ ಕಾಂಜಿಗಳೇ 2,136. ಅವುಗಳಲ್ಲಿ 1,026ನ್ನು ಜಪಾನಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿಯುತ್ತಾರೆ.

ಇಷ್ಟು ಅಕ್ಷರಗಳನ್ನು ನೆನಪಿಟ್ಟುಕೊಳ್ಳುವ ಕೆಲಸದಲ್ಲಿ ಯಂತ್ರಕ್ಕೆ ಸಾಟಿಯಾದ ಗುರುವಿಲ್ಲ. ಯಾವ ವಿದ್ಯಾರ್ಥಿ ಯಾವ ಅಕ್ಷರವನ್ನು ಎಷ್ಟನೆಯ ಬಾರಿ ಮರೆತ ಎಂಬ ಲೆಕ್ಕವನ್ನು ಯಾವ ಶಿಕ್ಷಕರೂ ಇಡಲಾರರು, ಆ್ಯಪ್ ಬೇಸರವಿಲ್ಲದೆ ಇಡುತ್ತದೆ. ಗೆರೆಗಳನ್ನು ಯಾವ ಕ್ರಮದಲ್ಲಿ ಎಳೆಯಬೇಕು ಎಂಬುದನ್ನು ನೂರು ಸಲ ತೋರಿಸಲೂ ಅದಕ್ಕೆ ಆಯಾಸವಿಲ್ಲ.

ಕೈಬರಹದ ವಿಷಯ ಬೇರೆ. ಕಂಪ್ಯೂಟರಿನಲ್ಲಿ ಜಪಾನಿ ಬರೆಯುವವರು ಉಚ್ಚಾರಣೆಯನ್ನು ಒತ್ತುತ್ತಾರೆ, ಯಂತ್ರ ತೋರಿಸುವ ಕಾಂಜಿಗಳಲ್ಲಿ ಸರಿಯಾದುದನ್ನು ಆರಿಸುತ್ತಾರೆ. ಆದ್ದರಿಂದ ಆನ್‌ಲೈನಿನಲ್ಲಿ ಕಲಿತು ಉದ್ದುದ್ದ ಇ-ಮೇಲ್ ಬರೆಯಬಲ್ಲವರು ಖಾಲಿ ಹಾಳೆಯ ಮುಂದೆ ತಮ್ಮ ವಿಳಾಸ ಬರೆಯಲೂ ತಡವರಿಸಬಹುದು. ಇದನ್ನು ವಿದೇಶಿಯರ ದೌರ್ಬಲ್ಯವೆಂದು ಗೇಲಿ ಮಾಡುವಂತಿಲ್ಲ, ಸ್ವತಃ ಜಪಾನಿಯರೇ ಕೀಲಿಮಣೆಯ ದೆಸೆಯಿಂದ ಕಾಂಜಿ ಮರೆಯುತ್ತಿದ್ದೇವೆಂದು ದಶಕಗಳಿಂದ ಗೊಣಗುತ್ತಿದ್ದಾರೆ.

ಹೂಂಗುಟ್ಟಲಾಗದ ತೊಡಕು

ತೆರೆ ಎಡವುವುದು ಸಂಭಾಷಣೆಯಲ್ಲಿ, ಅದೂ ಹೊರಗಿನವರಿಗೆ ಮೇಲ್ನೋಟಕ್ಕೆ ಕಾಣದ ಜಾಗದಲ್ಲಿ. ಜಪಾನಿಯಲ್ಲಿ ಒಬ್ಬರು ಮಾತನಾಡುತ್ತಿರುವಾಗ ಕೇಳುವವರು ಸುಮ್ಮನಿರುವುದಿಲ್ಲ. ಹಾಯ್, ಎಎ, ಸೋ ದೆಸು ಕಾ ಎಂಬ ಚಿಕ್ಕ ಚಿಕ್ಕ ಪ್ರತಿಸ್ಪಂದನೆಗಳನ್ನು ಮಾತಿನ ಸಂದುಗಳಲ್ಲಿ ಇಡುತ್ತ ಹೋಗುತ್ತಾರೆ. ಐಜುಚಿ ಎಂಬ ಈ ನಡೆ, ಅಜ್ಜಿಯ ಕತೆಗೆ ಮೊಮ್ಮಕ್ಕಳು ಹೂಂಗುಟ್ಟುವ ಹಾಗೆ, ಮಾತು ಮುಂದೆ ಸಾಗಲು ಬೇಕಾದ ಒತ್ತಾಸೆ. ಅದು ನಿಂತರೆ ಹೇಳುವವರೂ ನಿಲ್ಲುತ್ತಾರೆ.

ವಿಡಿಯೊ ಕರೆಯ ತಂತ್ರಾಂಶಗಳು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದು ಧ್ವನಿಯನ್ನು ಮುಂದಕ್ಕೆ ತಂದು ಉಳಿದವನ್ನು ಅದುಮುವಂತೆ ರೂಪುಗೊಂಡಿವೆ. ಶಿಕ್ಷಕರು ಮಾತನಾಡುವಾಗ ಕಲಿಯುವವರು ಹಾಯ್ ಎಂದರೆ ಒಂದೋ ಅದು ಕೇಳಿಸುವುದಿಲ್ಲ, ಇಲ್ಲವೇ ಶಿಕ್ಷಕರ ಮಾತೇ ಕತ್ತರಿಸಿಹೋಗುತ್ತದೆ. ಅರ್ಧ ಸೆಕೆಂಡು ತಡವಾಗಿ ತಲುಪಿದ ಒಪ್ಪಿಗೆ ಆಕ್ಷೇಪದಂತೆ ಕೇಳಿಸುವುದೂ ಉಂಟು. ಇಪ್ಪತ್ತು ಮೂವತ್ತು ಮಂದಿಯ ತರಗತಿಯಲ್ಲಿ ಎಲ್ಲರೂ ಮೈಕ್ ಬಂದ್ ಮಾಡಿಕೊಂಡು ಕೂರಬೇಕಾದಾಗ ಐಜುಚಿಯ ಅಭ್ಯಾಸಕ್ಕೆ ಅವಕಾಶವೇ ಇಲ್ಲದಾಗುತ್ತದೆ.

ಮೌನದ ಪಾಡೂ ಹೀಗೆಯೇ. ಜಪಾನಿ ಸಂಭಾಷಣೆಯಲ್ಲಿ ಉತ್ತರಕ್ಕೆ ಮುಂಚಿನ ಬಿಡುವಿಗೆ ಅರ್ಥವಿದೆ. ಹಿಂಜರಿಕೆ, ನಯವಾದ ನಿರಾಕರಣೆ, ಯೋಚನೆ ಎಲ್ಲವನ್ನೂ ಅದು ಸೂಚಿಸಬಲ್ಲುದು. ತೆರೆಯ ಮೇಲಿನ ಬಿಡುವಿಗೆ ಒಂದೇ ಅರ್ಥ, ನೆಟ್‌ವರ್ಕ್ ಹೋಯಿತು.

ಧ್ವನಿಯ ಏರಿಳಿತ ಮತ್ತೊಂದು ತೊಡಕು. ಹಶಿ ಎಂಬ ಒಂದೇ ಉಚ್ಚಾರಕ್ಕೆ ಧ್ವನಿ ಎಲ್ಲಿ ಇಳಿಯುತ್ತದೆ ಎಂಬುದರ ಮೇಲೆ ಸೇತುವೆ, ಊಟದ ಕಡ್ಡಿ, ಅಂಚು ಎಂಬ ಮೂರು ಅರ್ಥಗಳಿವೆ. ಒಜಾಡ್‌ನಂಥ ತಾಣ ಗೆರೆ ಎಳೆದು ತೋರಿಸುತ್ತದೆ, ವಾಸೆದಾ ವಿಶ್ವವಿದ್ಯಾಲಯವು ಉಚ್ಚಾರಣೆಗೆಂದೇ ಮುಕ್ತ ಆನ್‌ಲೈನ್ ಕೋರ್ಸು ನಡೆಸಿದೆ. ಆದರೆ ತನ್ನ ಧ್ವನಿ ಎಲ್ಲಿ ತಪ್ಪಿತೆಂಬುದು ತಪ್ಪಿದ ಕಿವಿಗೇ ಕೇಳಿಸುವುದಿಲ್ಲ, ಅದಕ್ಕೆ ಇನ್ನೊಂದು ಕಿವಿ ಬೇಕು.

ಮಾತನಾಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈ ಕೊರತೆಯನ್ನು ನೀಗಿಸುತ್ತವೆ ಎಂಬ ಭರವಸೆ ಈಗ ಜೋರಾಗಿದೆ. ನಾಚಿಕೆ ಸ್ವಭಾವದವರಿಗೆ ಅವು ಉಪಕಾರಿಯೆಂಬುದರಲ್ಲಿ ಅನುಮಾನವಿಲ್ಲ. ಆದರೆ ಯಂತ್ರಕ್ಕೆ ಅವಮಾನವಾಗುವುದಿಲ್ಲ. ಹಿರಿಯರೊಂದಿಗೆ, ಗ್ರಾಹಕರೊಂದಿಗೆ, ಗೆಳೆಯರೊಂದಿಗೆ ಬೇರೆ ಬೇರೆ ಕ್ರಿಯಾರೂಪಗಳನ್ನು ಬಳಸಬೇಕಾದ ಭಾಷೆಯಲ್ಲಿ, ತಪ್ಪು ರೂಪ ಬಳಸಿದಾಗ ಎದುರಿನವರ ಮುಖದಲ್ಲಿ ಮೂಡುವ ಇರಿಸುಮುರಿಸೇ ಮುಖ್ಯ ಪಾಠವಾದ್ದರಿಂದ, ಇರಿಸುಮುರಿಸಾಗದ ಜೊತೆಗಾರನಿಂದ ಕಲಿಯಬಹುದಾದದ್ದು ಅರ್ಧ ಮಾತ್ರ.

ಕನ್ನಡದ ಒಳದಾರಿ

ಬೆಂಗಳೂರಿಗೂ ಜಪಾನಿ ಭಾಷೆಗೂ ಬೆಳೆದ ನಂಟಿಗೆ 1997ರಲ್ಲಿ ಸ್ಥಾಪನೆಯಾಗಿ ಬಿಡದಿಯಲ್ಲಿ ನೆಲೆಯೂರಿದ ಟೊಯೊಟಾ ಕಿರ್ಲೋಸ್ಕರ್ ಕಂಪನಿಯಂಥ ಉದ್ಯಮಗಳೂ ಜಪಾನಿ ಗ್ರಾಹಕರಿರುವ ಸಾಫ್ಟ್‌ವೇರ್ ಕಂಪನಿಗಳೂ ಕಾರಣ. ಇಲ್ಲಿ ಸಾಮರ್ಥ್ಯ ಪರೀಕ್ಷೆಯ ಹೊಣೆ ಹೊತ್ತಿರುವುದು ಸ್ಥಳೀಯ ಜಪಾನಿ ಶಿಕ್ಷಕರ ಸಂಘ. ಆನ್‌ಲೈನ್ ತರಗತಿಗಳು ಬಂದ ಮೇಲೆ ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಗಳಲ್ಲಿ ಕುಳಿತವರಿಗೂ ಬೆಂಗಳೂರಿನಲ್ಲಿ ಪಿಜಿ ಹಿಡಿಯದೆ ಕಲಿಯುವ ದಾರಿ ತೆರೆಯಿತು.

ಆದರೆ ಈ ದಾರಿ ಇಂಗ್ಲಿಷಿನ ಮೂಲಕ ಬಳಸಿಕೊಂಡು ಹೋಗುತ್ತದೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಜಪಾನಿಯಲ್ಲಿಯೂ ಕೊನೆಗೇ; ನಡುವಿನ ಇಂಗ್ಲಿಷ್ ಅದನ್ನು ಮಧ್ಯಕ್ಕೆ ಎಳೆದು ತಂದು ಮತ್ತೆ ಕೊನೆಗೆ ದೂಡುತ್ತದೆ. ಮನೆಗೆ ಹೋಗಿ, ಊಟ ಮಾಡಿ, ಮಲಗಿದೆ ಎಂದು ನ್ಯೂನರೂಪಗಳನ್ನು ಸರಪಳಿಯಂತೆ ಜೋಡಿಸುವುದು ಕನ್ನಡಿಗರಿಗೆ ಹುಟ್ಟುಗುಣ, ಜಪಾನಿಯ ತೆ-ರೂಪ ಮಾಡುವುದೂ ಅದನ್ನೇ. ಇಂಗ್ಲಿಷಿನಲ್ಲಿ ಬರೆದ ಪಠ್ಯ ಇದನ್ನು ವಿವರಿಸಲು ಪುಟಗಟ್ಟಲೆ ಹೆಣಗುತ್ತದೆ.

ಸಾಮ್ಯ ಅಲ್ಲಿಗೇ ನಿಲ್ಲುವುದಿಲ್ಲ. ತಿಂದು ನೋಡು ಎಂಬಲ್ಲಿ ನೋಡು ಎಂಬ ಕ್ರಿಯಾಪದ ಕಣ್ಣಿನ ಕೆಲಸ ಬಿಟ್ಟು ಪ್ರಯತ್ನವನ್ನು ಸೂಚಿಸುವಂತೆ, ಜಪಾನಿಯ ತಾಬೆತೆ ಮಿರು ಎಂಬಲ್ಲಿಯೂ ನೋಡುವ ಕ್ರಿಯಾಪದವೇ ಆ ಕೆಲಸ ಮಾಡುತ್ತದೆ. ಯಾರೋ, ಯಾರೂ ಎಂದು ಪ್ರಶ್ನೆಪದಕ್ಕೆ ಬಾಲ ಅಂಟಿಸುವ ಕ್ರಮಕ್ಕೆ ಅಲ್ಲಿ ದರೆಕಾ, ದರೆಮೊ ಎಂಬ ಜೋಡಿಯಿದೆ.

ಕಿವಿಯ ವಿಷಯದಲ್ಲಿಯೂ ಕನ್ನಡಿಗರಿಗೆ ಒಂದು ಹೆಜ್ಜೆ ಮುಂದಿನ ಆರಂಭವಿದೆ. ಒಬಸಾನ್ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ಒಬಾಸಾನ್ ಎಂದರೆ ಅಜ್ಜಿ; ಕಿತೆ ಎಂದರೆ ಬಾ, ಕಿತ್ತೆ ಎಂದರೆ ಅಂಚೆಚೀಟಿ. ಹ್ರಸ್ವ ದೀರ್ಘಗಳೂ ಒತ್ತಕ್ಷರಗಳೂ ಬಾಯಲ್ಲಿರುವವರಿಗೆ ಈ ವ್ಯತ್ಯಾಸ ಕೇಳಿಸಿಕೊಳ್ಳುವುದು ಕಷ್ಟವಲ್ಲ, ಇಂಗ್ಲಿಷ್ ಮಾತೃಭಾಷೆಯವರು ಇಲ್ಲಿಯೇ ತಿಂಗಳುಗಟ್ಟಲೆ ಎಡವುತ್ತಾರೆ.

ಹಿರಗಾನದ ಕೋಷ್ಟಕ ನಮ್ಮ ವರ್ಣಮಾಲೆಯ ದೂರದ ಬಂಧು ಎಂಬುದೂ ಐತಿಹಾಸಿಕ ಸತ್ಯ. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳನ್ನು ಓದಲೆಂದು ಸಿದ್ಧಂ ಲಿಪಿಯ ಅಧ್ಯಯನವನ್ನು ಜಪಾನಿಗೆ ಒಯ್ದರು; ಅ, ಇ, ಉ, ಎ, ಒ ಎಂಬ ಸ್ವರಗಳು, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲುಗಳು ಭಾರತೀಯ ಧ್ವನಿಶಾಸ್ತ್ರದ ಆ ಜೋಡಣೆಯಿಂದ ರೂಪುಗೊಂಡವು. ಇಷ್ಟಾದರೂ ಎರಡು ಭಾಷೆಗಳು ಒಂದೇ ಬುಡದವು ಎಂದು ಉಬ್ಬಬೇಕಿಲ್ಲ. ಜಪಾನಿನ ವಿದ್ವಾಂಸ ಸುಸುಮು ಓನೊ ತಮಿಳಿಗೂ ಜಪಾನಿಗೂ ನಂಟು ಕಲ್ಪಿಸಿ ದಶಕಗಳ ಕಾಲ ವಾದಿಸಿದರೂ ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ.

ಆದರೂ ಕನ್ನಡದಲ್ಲಿ ವಿವರಿಸುವ ಬೋಧಕರು ಈ ಒಳದಾರಿಯನ್ನು ಹಿಡಿದರೆ ಮೊದಲ ಆರು ತಿಂಗಳ ಅರ್ಧ ಶ್ರಮ ಉಳಿಯಬಹುದು ಎಂಬುದು ವ್ಯಾಕರಣವನ್ನು ಪಕ್ಕಪಕ್ಕ ಇಟ್ಟು ನೋಡಿದ ಯಾರಿಗಾದರೂ ಹೊ‌ಳೆಯುವ ಸಂಗತಿ. ಜಾಗತಿಕ ತಾಣಗಳಿಗೆ ಅದರ ಅಗತ್ಯ ಕಾಣುವುದಿಲ್ಲ, ಅವುಗಳ ಕಣ್ಣಿಗೆ ಭಾರತವೆಂದರೆ ಇಂಗ್ಲಿಷ್ ಬಲ್ಲ ಮಾರುಕಟ್ಟೆ.

ಯಾಕೆ ಕಲಿಸುತ್ತಾರೆ?

ಜಪಾನ್ ತನ್ನ ಭಾಷೆಯನ್ನು ಇಷ್ಟು ಧಾರಾಳವಾಗಿ ಹಂಚುವುದರ ಹಿಂದೆ ಸಂಸ್ಕೃತಿಪ್ರೇಮವಷ್ಟೇ ಇಲ್ಲ. ಜನಸಂಖ್ಯೆ ಕುಗ್ಗುತ್ತಿರುವ, ವೃದ್ಧರು ಹೆಚ್ಚುತ್ತಿರುವ ಆ ದೇಶಕ್ಕೆ ದುಡಿಯುವ ಕೈಗಳು ಬೇಕಾಗಿವೆ. 2019ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಿಶೇಷ ಕೌಶಲದ ಕೆಲಸಗಾರರ ವೀಸಾ, ವೃದ್ಧರ ಆರೈಕೆ, ಕಟ್ಟಡ ನಿರ್ಮಾಣ, ಕೃಷಿ ಮುಂತಾದ ಕ್ಷೇತ್ರಗಳಿಗೆ ವಿದೇಶಿಯರನ್ನು ಕರೆಯಿತು. ಅದಕ್ಕೆ ಎನ್-4 ಹಂತ ಅಥವಾ ಅದಕ್ಕೆ ಸರಿಸಾಟಿಯಾಗಿ ಕಂಪ್ಯೂಟರಿನಲ್ಲಿ ನಡೆಯುವ ಇನ್ನೊಂದು ಪರೀಕ್ಷೆಯ ತೇರ್ಗಡೆ ಬೇಕು. ಇರೊದೊರಿ ಪಠ್ಯ ಹುಟ್ಟಿದ್ದೇ ಈ ಕಾರಣಕ್ಕೆ.

ಭಾರತ ಈ ವೀಸಾದ ಒಪ್ಪಂದಕ್ಕೆ 2021ರ ಜನವರಿಯಲ್ಲಿ ಸಹಿ ಹಾಕಿತು. 2025ರ ಆಗಸ್ಟ್‌ನಲ್ಲಿ ಎರಡೂ ದೇಶಗಳ ಪ್ರಧಾನಿಗಳು ಘೋಷಿಸಿದ ಕಾರ್ಯಯೋಜನೆಯ ಪ್ರಕಾರ ಐದು ವರ್ಷಗಳಲ್ಲಿ ಎರಡೂ ಕಡೆಯಿಂದ ಒಟ್ಟು ಐದು ಲಕ್ಷ ಜನರ ವಿನಿಮಯ ನಡೆಯಬೇಕು; ಅದರಲ್ಲಿ ಭಾರತದಿಂದ ಜಪಾನಿಗೆ ಹೋಗುವ ನುರಿತ ಕೆಲಸಗಾರರು 50,000.

ಕಲಿಸುವವರ ಕಡೆಯಲ್ಲಿಯೂ ಬದಲಾವಣೆ ಶುರುವಾಗಿದೆ. ಜಪಾನಿನೊಳಗೆ ವಿದೇಶಿಯರಿಗೆ ಭಾಷೆ ಕಲಿಸುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಸಂಬಳವಿಲ್ಲದ ಸ್ವಯಂಸೇವಕರು ಎಂಬ ಸ್ಥಿತಿಯಲ್ಲಿ, 2024ರ ಏಪ್ರಿಲ್‌ನಿಂದ ಜಪಾನಿ ಭಾಷಾ ಶಿಕ್ಷಕರಿಗೆ ರಾಷ್ಟ್ರೀಯ ಅರ್ಹತೆಯನ್ನು ಕಾನೂನಿನ ಮೂಲಕ ತರಲಾಯಿತು. ಮೊದಲ ಪರೀಕ್ಷೆ ಅದೇ ವರ್ಷದ ನವೆಂಬರ್‌ನಲ್ಲಿ ನಡೆಯಿತು. ಕಾನೂನು ಮಾನ್ಯತೆ ನೀಡುವುದು ಜಪಾನಿನೊಳಗಿನ ಸಂಸ್ಥೆಗಳಿಗೆ. ಹೊರದೇಶಗಳಲ್ಲಿ ತೆರೆಯ ಮುಂದೆ ಕುಳಿತು ಕಲಿಸುವವರ ಸಂಬಳ, ತರಬೇತಿ, ಯೋಗ್ಯತೆಗಳು ಆಯಾ ಮಾರುಕಟ್ಟೆಗೆ ಬಿಟ್ಟ ವಿಷಯವಾಗಿಯೇ ಉಳಿದಿವೆ.

> ಗಂಟೆಗಳ ಅಂದಾಜು
>
> 2010ಕ್ಕೆ ಮುಂಚಿನ ಹಳೆಯ ಸಾಮರ್ಥ್ಯ ಪರೀಕ್ಷೆ ಪ್ರತಿ ಹಂತಕ್ಕೂ ಬೇಕಾದ ಕಲಿಕೆಯ ಸಮಯವನ್ನು ಸೂಚಿಸುತ್ತಿತ್ತು: ಆರಂಭದ ಹಂತಕ್ಕೆ 150 ಗಂಟೆ, ಈಗಿನ ಎನ್-4ಕ್ಕೆ ಸಮೀಪದ ಹಂತಕ್ಕೆ 300, ಅದರ ಮೇಲಿನದಕ್ಕೆ 600, ತುದಿಗೆ 900. ಕಾಂಜಿಯ ಪರಿಚಯ ಮೊದಲೇ ಇರುವ ಚೀನೀಯರಿಗೂ ಇಲ್ಲದ ಭಾರತೀಯರಿಗೂ ಒಂದೇ ಅಳತೆ ಹೊಂದುವುದಿಲ್ಲ.

ಭಾರತದಿಂದ ಹೋಗಬೇಕಾದ 50,000 ಮಂದಿಗೆ ಸಂಬಂಧಿಸಿ ಒರಟಾದ ಲೆಕ್ಕವೊಂದನ್ನು ಹಾಕಬಹುದು. ಅವರಲ್ಲಿ ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ ಬೇಕಾದರೂ, ಎಲ್ಲರಿಗೂ ತಲಾ 300 ಗಂಟೆಗಳ ಕಲಿಕೆ ಎಂದು ಹಿಡಿದರೆ ಒಟ್ಟು ಒಂದೂವರೆ ಕೋಟಿ ಗಂಟೆಗಳಾಗುತ್ತವೆ. ಅದರಲ್ಲಿ 270 ಗಂಟೆಗಳನ್ನು ಹದಿನೈದು ಜನರ ಆನ್‌ಲೈನ್ ತರಗತಿಯಲ್ಲಿ ಕಲಿಸಿ, ಉಳಿದ 30 ಗಂಟೆಗಳನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿಸಲು ಮೀಸಲಿಟ್ಟರೆ ಚಿತ್ರ ಹೀಗಾಗುತ್ತದೆ.

ವರ್ಷಕ್ಕೆ ಸಾವಿರ ಗಂಟೆ ಪಾಠ ಮಾಡುವ ಪೂರ್ಣಾವಧಿ ಶಿಕ್ಷಕರು ಗುಂಪಿನ ತರಗತಿಗಳಿಗೆ ಐದು ವರ್ಷಗಳ ಕಾಲ 180 ಮಂದಿ ಸಾಕು. ಒಬ್ಬೊಬ್ಬರ ಮಾತು ಕೇಳುವ ಹತ್ತನೆಯ ಒಂದು ಪಾಲು ಸಮಯಕ್ಕೆ ಅದೇ ಐದು ವರ್ಷಗಳಲ್ಲಿ 300 ಮಂದಿ ಬೇಕು. ಸ್ವಯಂ ಅಧ್ಯಯನದ ತಾಣಗಳನ್ನು ಚೆನ್ನಾಗಿ ಬಳಸಿಕೊಂಡರೆ ಮೊದಲ ಸಂಖ್ಯೆಯನ್ನು ಅರ್ಧಕ್ಕೆ, ಬಹುಶಃ ಅದಕ್ಕೂ ಕೆಳಗೆ ಇಳಿಸಬಹುದು. ಎರಡನೆಯದನ್ನು ಇಳಿಸುವ ಉಪಾಯ ಈವರೆಗೆ ಯಾವ ತಾಣದಲ್ಲಿಯೂ ಇಲ್ಲ.

ಕಲಿಸುವವರ ಬೇಡಿಕೆ ಇಲ್ಲಿಗೇ ನಿಲ್ಲುವುದಿಲ್ಲ. ತರಬೇತಿಯ ಹೆಸರಿನಲ್ಲಿ ವಿದೇಶಿ ಕೆಲಸಗಾರರನ್ನು ತರಿಸಿಕೊಳ್ಳುತ್ತಿದ್ದ ಹಳೆಯ ಯೋಜನೆಯ ಜಾಗಕ್ಕೆ ಹೊಸದೊಂದನ್ನು ತರುವ ಕಾಯ್ದೆಗೆ ಜಪಾನಿನ ಸಂಸತ್ತು 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿದೆ. ಅದರಡಿ ಕೆಲಸ ಆರಂಭಿಸುವ ಮೊದಲೇ ಎ1 ಹಂತದ ಭಾಷೆ ಅಥವಾ ಅದಕ್ಕೆ ಸಮನಾದ ತರಬೇತಿ ಅಗತ್ಯವಾಗಲಿದ್ದು, ವ್ಯವಸ್ಥೆ 2027ರ ಏಪ್ರಿಲ್‌ನಲ್ಲಿ ಜಾರಿಗೆ ಬರಬೇಕಾಗಿದೆ.